ಲೆಕ್ಕ ಕೊಡು, ಉತ್ತರವನ್ನು ಎರಡು ದಿನ ಇಟ್ಟುಕೋ

ಪ್ರಶ್ನೆ: ಟೀಚರ್, ನಾವು ಐದು ಜನ ಗೆಳತಿಯರು ಮೂಲ್ಕಿಯಿಂದ ಮಂಗಳೂರಿಗೆ ದಿನಾ ಒಂದೇ ಬಸ್ಸಲ್ಲಿ ಶಾಲೆಗೆ ಹೋಗುವುದು. ದಾರಿಯಲ್ಲಿ ಒಲಿಂಪಿಯಾಡ್ ಲೆಕ್ಕ, ಸಂಖ್ಯೆಗಳ ಒಗಟು ಒಬ್ಬರಿಗೊಬ್ಬರು ಕೇಳುತ್ತೇವೆ, ರಾತ್ರಿ ವಾಟ್ಸ್ಯಾಪಿನಲ್ಲೂ ಹಾಕುತ್ತೇವೆ. ಜೂನ್‌ನಿಂದ ಇಲ್ಲಿಯವರೆಗೆ ನನ್ನ ಪುಸ್ತಕದಲ್ಲಿ ನಾನೂರಕ್ಕಿಂತ ಹೆಚ್ಚು ಲೆಕ್ಕ ಸೇರಿದೆ. ಆದರೆ ಮೊನ್ನೆ ಐಒಕ್ಯೂಎಂನ, ಅಂದರೆ ಗಣಿತ ಒಲಿಂಪಿಯಾಡಿನ ಮೊದಲ ಹಂತದ ಪರೀಕ್ಷೆಯ, ಹಳೆಯ ಪ್ರಶ್ನೆಪತ್ರಿಕೆಯನ್ನು ಒಬ್ಬಳೇ ಕೂತು ಮಾಡಿದಾಗ ಮೂವತ್ತರಲ್ಲಿ ಐದು ಮಾತ್ರ ಸರಿಯಾಯಿತು. ಅಪ್ಪ "ಈ ಹಂಚಿಕೊಳ್ಳುವ ಆಟ ಸಾಕು, ಒಬ್ಬಳೇ ಕೂತು ಓದು" ಎನ್ನುತ್ತಾರೆ. ನಿಲ್ಲಿಸಬೇಕಾ?
(ಹತ್ತನೇ ತರಗತಿ ವಿದ್ಯಾರ್ಥಿನಿ, ಮೂಲ್ಕಿ)

ಉತ್ತರ:

ನಿಲ್ಲಿಸಬೇಡ ಮಗಳೇ. ಅಪ್ಪ ಹೇಳಿದ್ದರಲ್ಲಿ ಅರ್ಧ ಸರಿ ಉಂಟು, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಒಂದು ಕೆಲಸ ಮಾಡು. ನಾನೂರು ಲೆಕ್ಕದ ಆ ಪುಸ್ತಕ ತೆಗೆದು ಯಾವುದಾದರೂ ಒಂದು ಪುಟ ಬಿಡಿಸು. ಪ್ರಶ್ನೆ ಮಾತ್ರ ಕಾಣುವ ಹಾಗೆ ಉತ್ತರದ ಮೇಲೆ ಕಾಗದ ಇಡು. ಹತ್ತು ನಿಮಿಷ ಕೂತು ಮಾಡಿ ನೋಡು. ಹೀಗೆ ಬೇರೆ ಬೇರೆ ಪುಟಗಳಿಂದ ಹತ್ತು ಲೆಕ್ಕ. ಎಷ್ಟು ಬಂತು? ನನ್ನ ಹತ್ತಿರ ಬಂದ ಮಕ್ಕಳಲ್ಲಿ ಹೆಚ್ಚಿನವರಿಗೆ ಎರಡೋ ಮೂರೋ ಬರುತ್ತಿತ್ತು. ಉಳಿದದ್ದೆಲ್ಲ ಅವರ ಅಕ್ಷರದಲ್ಲಿ ಬರೆದಿಟ್ಟ ಬೇರೆಯವರ ಲೆಕ್ಕ.

ಇದು ಹೇಗಾಗುತ್ತದೆ ಎಂದು ಬೇಕಾದಷ್ಟು ಸಲ ನೋಡಿದ್ದೇನೆ. ರಾತ್ರಿ ಎಂಟೂವರೆಗೆ ಒಬ್ಬಳು ಲೆಕ್ಕ ಹಾಕುತ್ತಾಳೆ. ಎಂಟು ನಲವತ್ತಕ್ಕೆ ನಿಮ್ಮಲ್ಲಿ ಚುರುಕಿನವಳು ಉತ್ತರ ಹಾಕುತ್ತಾಳೆ. ಅಂಥ ಒಬ್ಬಳು ಎಲ್ಲ ಗುಂಪಿನಲ್ಲೂ ಇರುತ್ತಾಳೆ. ಆ ಹತ್ತು ನಿಮಿಷದಲ್ಲಿ ಉಳಿದ ಮೂವರು ಲೆಕ್ಕ ಓದಿ, ಪೆನ್ನು ಹುಡುಕಿ, ಒಂದು ಚಿತ್ರ ಬರೆಯಲು ಶುರುಮಾಡಿರುತ್ತಾರೆ, ಅಷ್ಟೇ. ಉತ್ತರ ಕಂಡ ಮೇಲೆ "ಹೌದಲ್ವಾ, ಇಷ್ಟೇನಾ" ಅನಿಸುತ್ತದೆ. ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ. ಆ ಲೆಕ್ಕ ಅವರ ಪಾಲಿಗೆ ಅಲ್ಲಿಗೆ ಮುಗಿಯಿತು. ನೀವು ಲೆಕ್ಕ ಹಂಚಿಕೊಳ್ಳುತ್ತಿದ್ದೇವೆ ಎಂದುಕೊಂಡಿದ್ದೀರಿ. ಹಂಚಿಕೊಳ್ಳುತ್ತಿರುವುದು ಉತ್ತರ.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ಉಡುಪಿಯಲ್ಲಿ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗಿಗೆ ಒಂದು ಲೆಕ್ಕ ಕೊಟ್ಟಿದ್ದೆ. ಕಾಗದದ ಮೇಲೆ ಐದು ಚುಕ್ಕೆ ಇಡು, ಯಾವ ಮೂರೂ ಒಂದೇ ಗೆರೆಯಲ್ಲಿರಬಾರದು. ಹೇಗೆ ಇಟ್ಟರೂ ಆ ಐದರಲ್ಲಿ ನಾಲ್ಕನ್ನು ಆರಿಸಿ ಒಳಗೆ ತಗ್ಗಿಲ್ಲದ ಚತುರ್ಭುಜ, ನಿನ್ನ ಪಠ್ಯಪುಸ್ತಕದ ಭಾಷೆಯಲ್ಲಿ ಪೀನ ಚತುರ್ಭುಜ, ಮಾಡಲು ಸಾಧ್ಯ ಎಂದು ತೋರಿಸು. ಮೂರು ದಿನ ಬಿಟ್ಟು ಅವಳು ಒಂದು ಪ್ಲೈವುಡ್ ತುಂಡು ಹಿಡಿದುಕೊಂಡು ಬಂದಳು. ಅದರಲ್ಲಿ ಐದು ಮೊಳೆ ಹೊಡೆದಿದ್ದಳು, ಎಲ್ಲ ಮೊಳೆಗಳನ್ನೂ ಹೊರಗಿನಿಂದ ಸುತ್ತುವ ಹಾಗೆ ಒಂದು ರಬ್ಬರ್ ಬ್ಯಾಂಡ್ ಹಾಕಿದ್ದಳು. "ಟೀಚರ್, ರಬ್ಬರ್ ಬ್ಯಾಂಡ್ ನಾಲ್ಕು ಮೂಲೆ ಆದರೆ ಅದೇ ಉತ್ತರ. ಐದು ಮೂಲೆ ಆದರೆ ಯಾವ ನಾಲ್ಕು ತೆಗೆದರೂ ಆಯಿತು. ಆದರೆ ಮೂರೇ ಮೂಲೆ ಆಗಿ ಎರಡು ಮೊಳೆ ಒಳಗೆ ಉಳಿದರೆ?" ಎಂದಳು. ಎಷ್ಟು ಚಂದದ ಪ್ರಶ್ನೆ ನೋಡು. ರಬ್ಬರ್ ಬ್ಯಾಂಡಿನ ಉಪಾಯ ನಾನು ಹೇಳಿಕೊಟ್ಟದ್ದಲ್ಲ. ಮೂರು ಪ್ರಸಂಗಗಳಾಗಿ ಒಡೆದದ್ದೂ ಅವಳೇ. ಇನ್ನು ಒಂದು ಹೆಜ್ಜೆ ಬಾಕಿ ಇತ್ತು. ನನಗೆ ಮುಂದಿನ ಪೀರಿಯಡಿನ ಬೆಲ್ ಆಗಿತ್ತು, ಕೈಯಲ್ಲಿ ಹಾಜರಿ ಪುಸ್ತಕ, ಕಾಲು ಬಾಗಿಲ ಕಡೆಗೆ. ಆ ಒಂದು ಹೆಜ್ಜೆಯನ್ನು ನಾನೇ ಹೇಳಿಬಿಟ್ಟೆ. ಅವಳು ಹಲಗೆಯನ್ನು ಒಮ್ಮೆ ನೋಡಿ, "ಓ, ಅಷ್ಟೇನಾ ಟೀಚರ್" ಎಂದು ರಬ್ಬರ್ ಬ್ಯಾಂಡ್ ಬಿಚ್ಚಿ ಜೇಬಿಗೆ ಹಾಕಿಕೊಂಡಳು. ಆ ಮುಖ ನನಗೆ ಇವತ್ತಿಗೂ ಕಾಣುತ್ತದೆ. ಮೂರು ದಿನ ಅವಳದ್ದಾಗಿದ್ದ ಲೆಕ್ಕವನ್ನು ಅರ್ಧ ನಿಮಿಷದಲ್ಲಿ ನನ್ನದು ಮಾಡಿಕೊಂಡಿದ್ದೆ. ಅವಳಿಗೆ ಹೇಳಿದ ಆ ಮಾತನ್ನು ನಿನಗೆ ಹೇಳುವುದಿಲ್ಲ. ಮೂಲ್ಕಿ ಪೇಟೆಯಲ್ಲಿ ಮೊಳೆ ಸಿಗುತ್ತದೆ.

ಈ ಐದು ಚುಕ್ಕೆಯ ಲೆಕ್ಕ ಹುಟ್ಟಿದ್ದೂ ನಿಮ್ಮ ಹಾಗೆ ಲೆಕ್ಕ ಹಂಚಿಕೊಳ್ಳುತ್ತಿದ್ದ ಗೆಳೆಯರ ಗುಂಪಿನಲ್ಲಿ. 1930ರ ಆಚೀಚೆ ಹಂಗೆರಿಯ ಬುಡಾಪೆಸ್ಟಿನಲ್ಲಿ ಕೆಲವು ವಿದ್ಯಾರ್ಥಿಗಳು ರಜಾದಿನ ಪಾರ್ಕಿನಲ್ಲಿ, ಊರ ಹೊರಗಿನ ಗುಡ್ಡಗಳಲ್ಲಿ ತಿರುಗಾಡುತ್ತಾ ಒಬ್ಬರಿಗೊಬ್ಬರು ಲೆಕ್ಕ ಕೇಳುತ್ತಿದ್ದರು. 1933ರ ಸುಮಾರಿಗೆ ಎಸ್ತರ್ ಕ್ಲೈನ್ ಎಂಬ ಹುಡುಗಿ ಈ ಲೆಕ್ಕ ಮುಂದಿಟ್ಟಳು. ಅವಳಿಗೆ ಉತ್ತರ ಗೊತ್ತಿತ್ತು. ಆದರೆ ಅವಳು ಉತ್ತರದ ಜೊತೆ ಇನ್ನೊಂದು ಪ್ರಶ್ನೆ ಕೊಟ್ಟಳು: ನಾಲ್ಕು ಬಾಹುಗಳಿಗೆ ಐದು ಚುಕ್ಕೆ ಸಾಕಾದರೆ, ಐದು ಬಾಹು, ಆರು ಬಾಹು, ಬೇಕಾದಷ್ಟು ಬಾಹುಗಳಿಗೆ ಎಷ್ಟು ಚುಕ್ಕೆ ಬೇಕು? ಗುಂಪಿನಲ್ಲಿದ್ದ ಪಾಲ್ ಏರ್ಡಿಶ್ ಮತ್ತು ಜಾರ್ಜ್ ಸೆಕೆರೆಶ್ ಅದರ ಬೆನ್ನು ಹತ್ತಿದರು. 1935ರಲ್ಲಿ ಅವರ ಪ್ರಬಂಧ ಬಂತು. ಎಸ್ತರ್ ಮತ್ತು ಜಾರ್ಜ್ 1937ರಲ್ಲಿ ಮದುವೆಯಾದರು, ಅದಕ್ಕೇ ಏರ್ಡಿಶ್ ಇದನ್ನು "ಸುಖಾಂತ್ಯದ ಲೆಕ್ಕ" ಎಂದು ಕರೆದರು. ಆರು ಬಾಹುಗಳಿಗೆ 17 ಚುಕ್ಕೆ ಸಾಕು ಎಂದು ಕಂಪ್ಯೂಟರಿನ ಸಹಾಯದಿಂದ ಸಾಧಿಸಿದ ಪ್ರಬಂಧ ಪ್ರಕಟವಾದದ್ದು 2006ರಲ್ಲಿ, ಅದರ ಇಬ್ಬರು ಲೇಖಕರಲ್ಲಿ ಒಬ್ಬರು ಅದೇ ಜಾರ್ಜ್ ಸೆಕೆರೆಶ್. ಪ್ರಕಟವಾಗುವ ಹೊತ್ತಿಗೆ ಅವರು ಇರಲಿಲ್ಲ. 2005ರ ಆಗಸ್ಟ್ 28ರಂದು ಗಂಡ ಹೆಂಡತಿ ಇಬ್ಬರೂ ಆಸ್ಟ್ರೇಲಿಯಾದಲ್ಲಿ ಒಂದು ಗಂಟೆಯೊಳಗೆ ಒಬ್ಬರ ಹಿಂದೆ ಒಬ್ಬರು ತೀರಿಕೊಂಡಿದ್ದರು. ಗೆಳತಿಯೊಬ್ಬಳು ಕೊಟ್ಟ ಒಂದು ಲೆಕ್ಕ ಒಬ್ಬ ಮನುಷ್ಯನ ಜೊತೆ ಎಪ್ಪತ್ತು ವರ್ಷ ನಡೆಯಿತು.

ಆ ದೇಶದಲ್ಲಿ ಇದು ಆಕಸ್ಮಿಕವೂ ಅಲ್ಲ. ಅಲ್ಲಿ 1894ರಲ್ಲಿ ಒಬ್ಬ ಶಿಕ್ಷಕರು ಮಕ್ಕಳಿಗಾಗಿ ಶುರುಮಾಡಿದ ಗಣಿತ ಮಾಸಪತ್ರಿಕೆ ಉಂಟು, ಕೊಮಾಲ್ ಎಂದು ಕರೆಯುತ್ತಾರೆ. ಪ್ರತಿ ಸಂಚಿಕೆಯಲ್ಲಿ ಲೆಕ್ಕ ಕೊಡುತ್ತಿದ್ದರು, ಉತ್ತರ ಕೊಡುತ್ತಿರಲಿಲ್ಲ. ಮಕ್ಕಳು ಬಿಡಿಸಿ ಅಂಚೆಯಲ್ಲಿ ಕಳಿಸಬೇಕು. ಮುಂದಿನ ಸಂಚಿಕೆಗಳಲ್ಲಿ ಒಳ್ಳೆಯ ಪರಿಹಾರ, ಕಳಿಸಿದ ಮಕ್ಕಳ ಹೆಸರು, ಚೆನ್ನಾಗಿ ಮಾಡಿದವರ ಫೋಟೋ ಅಚ್ಚಾಗುತ್ತಿತ್ತು. ಏರ್ಡಿಶ್ ಅವರ ಎಳೆಯ ಮುಖವೂ ಹಾಗೆ ಅಚ್ಚಾಗಿತ್ತು. ಪ್ರಶ್ನೆಗೂ ಉತ್ತರಕ್ಕೂ ನಡುವೆ ವಾರಗಟ್ಟಲೆ ಸಮಯ. ಅಷ್ಟು ದಿನವೂ ಲೆಕ್ಕ ಆ ಮಗುವಿನ ತಲೆಯಲ್ಲಿ, ಊಟದ ಹೊತ್ತಿನಲ್ಲಿ, ಸ್ನಾನದ ಹೊತ್ತಿನಲ್ಲಿ.

ನಿಮಗೆ ಒಂದು ತಿಂಗಳು ಬೇಡ. ಎರಡು ದಿನ ಇಟ್ಟುಕೊಳ್ಳಿ. ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಲೆಕ್ಕ ಕೊಟ್ಟರೆ ಬುಧವಾರ ಬೆಳಿಗ್ಗೆಯವರೆಗೆ ಉತ್ತರ ಯಾರ ಬಾಯಿಂದಲೂ ಬರಬಾರದು. ಆ ನಡುವೆ ಸುಮ್ಮನಿರಬೇಕು ಎಂದೇನೂ ಅಲ್ಲ. "ನಾನು ಇಲ್ಲಿವರೆಗೆ ಬಂದೆ, ಇಲ್ಲಿ ಸಿಕ್ಕಿಬಿದ್ದೆ" ಎಂದು ಧಾರಾಳವಾಗಿ ಬರೆಯಬಹುದು. ನನ್ನ ಪ್ರಕಾರ ಗೆಳತಿಯರು ಹಂಚಿಕೊಳ್ಳಬಹುದಾದ ಅತಿ ಬೆಲೆಬಾಳುವ ವಸ್ತು ಅದೇ, ಸಿಕ್ಕಿಬಿದ್ದ ಜಾಗ. ರಬ್ಬರ್ ಬ್ಯಾಂಡ್ ತಂದ ಹುಡುಗಿ ಮಾಡಿದ್ದು ಅದನ್ನೇ. ಅವಳ ಪ್ರಶ್ನೆಯನ್ನು ತರಗತಿಯ ಉಳಿದ ಮಕ್ಕಳ ಮುಂದೆ ಇಟ್ಟಿದ್ದರೆ ಎಲ್ಲರೂ ಒಂದು ವಾರ ಮೊಳೆ ಹೊಡೆಯುತ್ತಿದ್ದರು.

ಬೇಗ ಬಿಡಿಸುವ ಗೆಳತಿಗೂ ಕೆಲಸ ಬೇಕು, ಇಲ್ಲದಿದ್ದರೆ ಪಾಪ, ಅವಳಿಗೆ ಉತ್ತರ ಬಾಯಲ್ಲಿ ಇಟ್ಟುಕೊಂಡು ಎರಡು ದಿನ ಕೂರುವುದು ಕಷ್ಟ. ಅವಳ ಕೆಲಸ ಇದು: ಎರಡನೇ ದಾರಿಯಲ್ಲಿ ಬಿಡಿಸು, ಅಥವಾ ಲೆಕ್ಕವನ್ನು ಸ್ವಲ್ಪ ಬದಲಾಯಿಸಿ ಹೊಸದು ಮಾಡು. ಎಸ್ತರ್ ಮಾಡಿದ ಹಾಗೆ.

ಬುಧವಾರ ಉತ್ತರ ಹೇಳುವಾಗಲೂ ಬಾಯಲ್ಲಿ ಹೇಳಿ ಮುಗಿಸಬೇಡಿ. ಪಾಳಿಯ ಮೇಲೆ ಒಬ್ಬಳು ಒಂದು ಪುಟದಲ್ಲಿ ಪೂರ್ತಿ ಬರೆಯಲಿ, ಇನ್ನೊಬ್ಬಳು ಕೆಂಪು ಪೆನ್ನು ಹಿಡಿದು ಓದಲಿ. ಅರ್ಥವಾಗದ ಪ್ರತಿ ಸಾಲಿನ ಪಕ್ಕ "ಯಾಕೆ?" ಎಂದು ಬರೆಯಲಿ. ಮೊದಮೊದಲು ಪುಟದ ತುಂಬ ಕೆಂಪು ಯಾಕೆಗಳೇ ಇರುತ್ತವೆ. ಬೇಜಾರು ಮಾಡಿಕೊಳ್ಳಬೇಡಿ. ಕನ್ನಡದಲ್ಲಿ ಬರೆದರೆ ಇನ್ನೂ ಒಳ್ಳೆಯದು. ಪ್ರಶ್ನೆ ಇಂಗ್ಲಿಷಿನಲ್ಲಿದ್ದರೆ ಅದನ್ನು ಕನ್ನಡಕ್ಕೆ ತಂದು ಗೆಳತಿಗೆ ಹೇಳುವಾಗಲೇ "ಕನಿಷ್ಠ ಒಂದು" ಎಂದಿದೆಯೋ "ಒಂದೇ ಒಂದು" ಎಂದಿದೆಯೋ ಎಂಬುದೆಲ್ಲ ಕಣ್ಣಿಗೆ ಬೀಳುತ್ತದೆ. ಪ್ರಶ್ನೆಯನ್ನು ತಪ್ಪಾಗಿ ಓದಿ ಕಳೆದುಕೊಂಡ ಅಂಕ ನನ್ನ ಮಕ್ಕಳ ಲೆಕ್ಕದಲ್ಲಿ ಬಹಳ ಉಂಟು.

ಈಗ ಯಾವ ಲೆಕ್ಕ ಹಂಚಿಕೊಳ್ಳಬೇಕು ಎಂಬುದಕ್ಕೆ ಬರುತ್ತೇನೆ. 6174ರ ಆಟ ನಿಮ್ಮ ಪುಸ್ತಕದಲ್ಲಿ ಇದ್ದೇ ಇರಬೇಕು. ನಾಲ್ಕಂಕಿಯ ಒಂದು ಸಂಖ್ಯೆ ತೆಗೆದುಕೋ, ಎಲ್ಲ ಅಂಕಿ ಒಂದೇ ಆಗಿರಬಾರದು. ಅಂಕಿಗಳನ್ನು ಇಳಿಕೆಯಲ್ಲಿ ಜೋಡಿಸಿ ಬಂದದ್ದರಿಂದ ಏರಿಕೆಯಲ್ಲಿ ಜೋಡಿಸಿ ಬಂದದ್ದನ್ನು ಕಳೆ. ಮತ್ತೆ ಹಾಗೆಯೇ ಮಾಡು. 2026 ತೆಗೆದುಕೊಂಡರೆ 6220 − 0226 = 5994. ಮುಂದೆ 9954 − 4599 = 5355. ಆಮೇಲೆ 1998, 8082, 8532, ಕೊನೆಗೆ 6174. ಅಲ್ಲಿಗೆ ಬಂದರೆ ಮತ್ತೆ ಅಲ್ಲಿಯೇ. ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳು ಸಲ. ಇದನ್ನು 1949ರಲ್ಲಿ ಕಂಡವರು ನಾಸಿಕದ ಹತ್ತಿರ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. ದೊಡ್ಡ ವಿಶ್ವವಿದ್ಯಾಲಯದ ಪ್ರೊಫೆಸರ್ ಅಲ್ಲ, ನಮ್ಮ ಹಾಗೆ ಚಾಕ್‌ಪೀಸು ಹಿಡಿದವರು. ನನಗೆ ಅವರ ಮೇಲೆ ತುಂಬ ಅಭಿಮಾನ.

ಇದನ್ನು "ನೋಡೇ, ಮ್ಯಾಜಿಕ್" ಎಂದು ಕಳಿಸಿದರೆ ಎಲ್ಲರೂ ಒಂದು ಸಲ ಮಾಡಿ ಬಿಡುತ್ತಾರೆ. ಅದನ್ನೇ "ಇದು ಯಾಕೆ ನಿಲ್ಲಲೇಬೇಕು?" ಎಂದು ಕಳಿಸಿ ನೋಡು. ಮೂರಂಕಿಯಿಂದ ಶುರುಮಾಡುವ. ಅಂಕಿಗಳನ್ನು ಇಳಿಕೆಯಲ್ಲಿ ಬರೆದಾಗ ದೊಡ್ಡದು a, ನಡುವಿನದು b, ಸಣ್ಣದು c ಇರಲಿ. ಇಳಿಕೆಯ ಸಂಖ್ಯೆ 100a + 10b + c, ಏರಿಕೆಯದು 100c + 10b + a. ಕಳೆದರೆ 99(a − c). ನಡುವಿನ b ಹೋಯಿತು! ಅಂದರೆ ಸಾವಿರ ಸಂಖ್ಯೆಗಳಲ್ಲಿ ಯಾವುದರಿಂದ ಹೊರಟರೂ ಮೊದಲ ಸಲ ಕಳೆದ ಮೇಲೆ ಬರುವುದು ಒಂಬತ್ತೇ ಸಂಖ್ಯೆ: 099, 198, 297, 396, 495, 594, 693, 792, 891. ಇನ್ನು ಒಂಬತ್ತನ್ನು ಕೈಯಲ್ಲೇ ನೋಡಬಹುದು. 099 ಹೋಗುವುದು 891ಕ್ಕೆ, ಅದು 792ಕ್ಕೆ, ಅದು 693ಕ್ಕೆ, ಅದು 594ಕ್ಕೆ, ಅದು 495ಕ್ಕೆ. 495ರಿಂದ ಮತ್ತೆ 954 − 459 = 495. ಉಳಿದ 198, 297, 396 ಇದೇ ಸರಪಳಿಗೆ ನಡುವೆ ಬಂದು ಸೇರುತ್ತವೆ, ನೀನೇ ನೋಡಿಕೋ. ಸಾಧನೆ ಮುಗಿಯಿತು. ಬಸ್ ಟಿಕೆಟಿನ ಹಿಂದೆ ಬರೆಯಬಹುದಾದಷ್ಟು ಸಣ್ಣದು, ಆದರೆ ಇದರಲ್ಲಿ ಮ್ಯಾಜಿಕ್ ಎಲ್ಲಿಂದ ಬಂತು ಎಂದು ಕಾಣುತ್ತದೆ.

ನಾಲ್ಕಂಕಿಗೆ ಹೋದರೆ ಕಳೆದು ಬರುವುದು 999(a − d) + 90(b − c). ಈಗ ಎರಡೇ ಸಂಗತಿ ಮುಖ್ಯ: ಹೊರಗಿನ ಎರಡು ಅಂಕಿಗಳ ಅಂತರ, ಒಳಗಿನ ಎರಡರ ಅಂತರ. ಒಳಗಿನದು ಹೊರಗಿನದಕ್ಕಿಂತ ದೊಡ್ಡದಾಗಲು ಸಾಧ್ಯವಿಲ್ಲ. ಹೊರಗಿನ ಅಂತರ 1 ಆದರೆ ಒಳಗಿನದಕ್ಕೆ ಎರಡು ಆಯ್ಕೆ, 2 ಆದರೆ ಮೂರು, ಹೀಗೆ 9 ಆದರೆ ಹತ್ತು. 2 + 3 + ⋯ + 10 = 54. ಹತ್ತು ಸಾವಿರ ಸಂಖ್ಯೆಗಳ ಆಟ ಐವತ್ತನಾಲ್ಕಕ್ಕೆ ಇಳಿಯಿತು. ಐದು ಜನಕ್ಕೆ ಹಂಚಿದರೆ ತಲೆಗೆ ಹನ್ನೊಂದೂ ಇಲ್ಲ. ಒಂದು ವಾರದ ಬಸ್ ಪ್ರಯಾಣದಲ್ಲಿ ನೀವು ಐವರು ಸೇರಿ ಕಾಪ್ರೇಕರರ ಮಾತನ್ನು ಪೂರ್ತಿ ಪರೀಕ್ಷಿಸಿ ಮುಗಿಸಬಹುದು, ಏಳಕ್ಕಿಂತ ಹೆಚ್ಚು ಹೆಜ್ಜೆ ಬೇಡ ಎಂಬುದನ್ನೂ ಸೇರಿಸಿ. ಹೀಗೆ ಪಾಲು ಮಾಡಿಕೊಂಡು ಮಾಡುವುದು ನನ್ನ ದೃಷ್ಟಿಯಲ್ಲಿ ನಿಜವಾದ ಹಂಚಿಕೆ. ಎರಡಂಕಿಯ ಸಂಖ್ಯೆಗೆ ಇದೇ ಆಟ ಆಡಿದರೆ ಏನಾಗುತ್ತದೆ? ಅದು ನಿಮಗೆ ಬಿಟ್ಟದ್ದು.

ನಮ್ಮ ನಾಡಿನಲ್ಲೂ ಸಂಖ್ಯೆಯ ಚಂದವನ್ನು ಪ್ರಶ್ನೆಯಾಗಿ ಕೊಡುವ ಪದ್ಧತಿ ಹಳೆಯದು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದಲ್ಲಿ ಗುಣಿಸಿದರೆ ಹೂವಿನ ಹಾರದ ಹಾಗೆ ಎರಡು ಕಡೆಯಿಂದಲೂ ಒಂದೇ ರೀತಿ ಕಾಣುವ ಗುಣಲಬ್ಧ ಬರುವ ಲೆಕ್ಕಗಳಿವೆ. ಒಂದು: 27994681 × 441 = 12345654321. ಇದನ್ನು ಗೆಳತಿಯರಿಗೆ ಕೊಡುವಾಗ ಗುಣಿಸು ಎಂದು ಕೊಡಬೇಡ, ಫೋನು ಗುಣಿಸುತ್ತದೆ. ಈ ಎರಡು ಸಂಖ್ಯೆಗಳೇ ಯಾಕೆ ಎಂದು ಕೇಳು. 441 ಎಂದರೆ 21ರ ವರ್ಗ ಎಂದು ಒಂದು ಸುಳಿವು ಬೇಕಾದರೆ ಎರಡನೇ ದಿನ ಕೊಡು.

ನಿನ್ನ ಪುಸ್ತಕದಿಂದ ಕೆಲವನ್ನು ಹೊಡೆದು ಹಾಕಲೂಬೇಕು. "2, 4, 8, 16, ಮುಂದೇನು" ಎಂಬ ಜಾತಿಯವು. ನಿಯಮ ಹೇಳದೆ ಮುಂದಿನ ಸಂಖ್ಯೆ ಕೇಳಿದರೆ ಯಾವ ಉತ್ತರಕ್ಕೂ ಒಂದು ನಿಯಮ ಕಟ್ಟಬಹುದು. ವೃತ್ತದ ಅಂಚಿನಲ್ಲಿ ಚುಕ್ಕೆ ಇಟ್ಟು ಪ್ರತಿ ಎರಡು ಚುಕ್ಕೆಗಳನ್ನೂ ಗೆರೆಯಿಂದ ಸೇರಿಸುತ್ತಾ ಹೋಗು, ಮೂರು ಗೆರೆ ಒಂದೇ ಕಡೆ ಕೂಡದಂತೆ. ವೃತ್ತ ಎಷ್ಟು ತುಂಡಾಗುತ್ತದೆ? ಒಂದು ಚುಕ್ಕೆಗೆ 1, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16. ಆರಕ್ಕೆ 32 ಅಲ್ಲ, 31. ಚಿತ್ರ ಬರೆದು ಎಣಿಸು. ಈ ಒಂದು ಚಿತ್ರ ಮನಸ್ಸಿನಲ್ಲಿ ಕೂತರೆ ನಾಲ್ಕು ಸಂಖ್ಯೆ ನೋಡಿ ಐದನೆಯದನ್ನು ಊಹಿಸುವ ಚಾಳಿ ತಾನಾಗಿಯೇ ಬಿಡುತ್ತದೆ. 8 ÷ 2(2 + 2) ಎಷ್ಟು ಎಂಬ ಜಗಳವನ್ನೂ ಬಿಟ್ಟುಬಿಡಿ, ಅದು ಆವರಣ ಸರಿಯಾಗಿ ಹಾಕದವರ ತಪ್ಪು, ಗಣಿತದ್ದಲ್ಲ.

ಆದರೆ ಕೆಲವೊಮ್ಮೆ ಕಸದ ರೂಪದಲ್ಲಿ ಚಿನ್ನವೂ ಬರುತ್ತದೆ. ಹಣ್ಣುಗಳ ಚಿತ್ರ ಹಾಕಿ "ನೂರರಲ್ಲಿ 95 ಜನರಿಗೆ ಬಿಡಿಸಲಾಗದು" ಎಂದು ತಿರುಗಾಡಿದ ಒಂದು ಲೆಕ್ಕ ಉಂಟು. ಮೂರು ಪೂರ್ಣ ಧನ ಸಂಖ್ಯೆಗಳು, ಪ್ರತಿಯೊಂದನ್ನು ಉಳಿದೆರಡರ ಮೊತ್ತದಿಂದ ಭಾಗಿಸಿ ಮೂರನ್ನೂ ಕೂಡಿಸಿದರೆ 4 ಬರಬೇಕು. ನೋಡಲು ಆರನೇ ತರಗತಿಯ ಲೆಕ್ಕದ ಹಾಗೆ. ಅದರ ಅತಿ ಸಣ್ಣ ಉತ್ತರದಲ್ಲಿರುವ ಸಂಖ್ಯೆಗಳಿಗೆ ಒಂದೊಂದಕ್ಕೂ ಎಂಬತ್ತರ ಆಸುಪಾಸು ಅಂಕಿಗಳು! ಆಂಡ್ರ್ಯೂ ಬ್ರೆಮ್ನರ್ ಮತ್ತು ಅಲನ್ ಮೆಕ್ಲಾಡ್ ಎಂಬ ಗಣಿತಜ್ಞರು 2014ರಲ್ಲಿ ಇಂಥ ಸಮೀಕರಣಗಳ ಬಗ್ಗೆ ಪ್ರಬಂಧ ಬರೆದಿದ್ದಾರೆ, ಬಿಡಿಸಲು ಎಲಿಪ್ಟಿಕ್ ಕರ್ವ್ ಎಂಬ ದೊಡ್ಡ ಗಣಿತ ಬೇಕು. ಅದಕ್ಕೇ ಹೇಳುವುದು, ಲೆಕ್ಕ ಹಂಚುವಾಗ ಎಲ್ಲಿಂದ ಬಂತು ಎಂದೂ ಬರೆ. ಯಾವ ವರ್ಷದ ಯಾವ ಪರೀಕ್ಷೆ, ಅಥವಾ ಯಾರೋ ಕಟ್ಟಿದ್ದು, ಅಥವಾ ಸುಮ್ಮನೆ ಬಂದದ್ದು. ಮೂಲ ಗೊತ್ತಿಲ್ಲದ ಲೆಕ್ಕದ ಹಿಂದೆ ಒಂದು ವಾರ ಕಳೆದು ಆಮೇಲೆ ಪ್ರಶ್ನೆಯೇ ತಪ್ಪಾಗಿ ಇಳಿದಿತ್ತು ಎಂದು ತಿಳಿದರೆ ಮಕ್ಕಳಿಗೆ ಆಗುವ ಬೇಸರ ಸಣ್ಣದಲ್ಲ.

ಮತ್ತೊಂದು, ನೀವೇ ಲೆಕ್ಕ ಕಟ್ಟಿ. ಸುತ್ತಲಿನಿಂದ ಕಟ್ಟಿ. ಉಡುಪಿಯ ಪರ್ಯಾಯವನ್ನೇ, ಅಂದರೆ ಕೃಷ್ಣನ ಪೂಜೆ ಮಠದಿಂದ ಮಠಕ್ಕೆ ಹೋಗುವ ಸರದಿಯನ್ನೇ, ತೆಗೆದುಕೋ. ಎಂಟು ಮಠ, ಒಂದೊಂದಕ್ಕೆ ಎರಡು ವರ್ಷ, ಹದಿನಾರು ವರ್ಷಕ್ಕೆ ಒಂದು ಸುತ್ತು. ಕ್ರಮ ಹೀಗೆ: ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಪೇಜಾವರ. ಎರಡು ವರ್ಷದ ಈ ಪದ್ಧತಿ 1522ರಲ್ಲಿ ವಾದಿರಾಜರ ಕಾಲದಲ್ಲಿ ಶುರುವಾಯಿತು. 2018ರಲ್ಲಿ ಪಲಿಮಾರು ಮಠದಿಂದ ಹೊಸ ಸುತ್ತು ಹೊರಟಿತು. 2018 − 1522 = 496, ಅದು 16ರ 31 ಪಟ್ಟು. ಹಾಗಾಗಿ ಅದು ಮೂವತ್ತೆರಡನೇ ಸುತ್ತು. ಶೇಷದ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಗಡಿಯಾರ ನಮಗೆ ಎಲ್ಲಿ ಸಿಗಬೇಕು?

ಮೊದಲ ಪ್ರಶ್ನೆ ಎಲ್ಲರಿಗೂ ಹೊಳೆಯುವಂಥದು: 2100ರಲ್ಲಿ ಯಾವ ಮಠ? 2100 − 2018 = 82, 16ರಿಂದ ಭಾಗಿಸಿದರೆ ಶೇಷ 2, ಅಂದರೆ ಅದಮಾರು. ಇಲ್ಲಿಗೆ ನಿಲ್ಲಿಸಿದರೆ ಅದು ಅಭ್ಯಾಸದ ಲೆಕ್ಕ. ಒಂದು ಹೆಜ್ಜೆ ಮುಂದೆ ಹೋಗು. ಶತಮಾನದ ವರ್ಷಗಳಲ್ಲಿ ಪರ್ಯಾಯ ಯಾರದ್ದು? 2000ದಲ್ಲಿ ಪೇಜಾವರ ಮಠದ್ದಿತ್ತು. ಕ್ರಮ ಹೀಗೇ ನಡೆದರೆ 2100ರಲ್ಲಿ ಅದಮಾರು, 2200ರಲ್ಲಿ ಪುತ್ತಿಗೆ, 2300ರಲ್ಲಿ ಸೋದೆ, 2400ರಲ್ಲಿ ಮತ್ತೆ ಪೇಜಾವರ. ಎಷ್ಟು ಸಾವಿರ ವರ್ಷ ಮುಂದೆ ಹೋದರೂ ಉಳಿದ ನಾಲ್ಕು ಮಠಗಳಿಗೆ ಸೊನ್ನೆ ಸೊನ್ನೆಯಲ್ಲಿ ಮುಗಿಯುವ ವರ್ಷ ಸಿಗುವುದೇ ಇಲ್ಲ. ಯಾಕೆ? ಬರೀ ಲೆಕ್ಕಕ್ಕೋಸ್ಕರ ಮಠಗಳು ಒಂಬತ್ತು ಎಂದುಕೊಂಡರೆ ಏನಾಗುತ್ತಿತ್ತು? ಈಗ ಇದು ಸ್ಪರ್ಧೆಯ ಲೆಕ್ಕದ ಹತ್ತಿರ ಬಂತು. ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಎಂದು ನೀನು ಏಳನೇ ತರಗತಿಯೊಳಗೇ ಕಲಿತದ್ದು ಇಲ್ಲಿ ಸುಮ್ಮನೆ ಕೂತಿದೆ, ಹುಡುಕು. ಆಟಿ ತಿಂಗಳಲ್ಲಿ ಅಜ್ಜಿ ಚೆನ್ನೆಮಣೆ ತೆಗೆದರೆ ಅದರ ಹದಿನಾಲ್ಕು ಗುಳಿಗಳಲ್ಲೂ ಇಂಥ ಹತ್ತು ಪ್ರಶ್ನೆ ಕಾಯುತ್ತಿರುತ್ತವೆ.

ಅಪ್ಪನ ಮಾತಿಗೆ ಬರುತ್ತೇನೆ. ಒಬ್ಬಳೇ ಕೂರಬೇಕು ಎಂದದ್ದು ಪೂರ್ತಿ ಸರಿ. ಪರೀಕ್ಷೆಯಲ್ಲಿ ಪಕ್ಕದಲ್ಲಿ ಗೆಳತಿ ಇರುವುದಿಲ್ಲ. ಐಒಕ್ಯೂಎಂನಲ್ಲಿ ಮೂರು ಗಂಟೆ, ಮೂವತ್ತು ಪ್ರಶ್ನೆ, ನೂರು ಅಂಕ. ಉತ್ತರ 00ರಿಂದ 99ರೊಳಗಿನ ಸಂಖ್ಯೆ. ಅಲ್ಲಿ ಉತ್ತರ ಮಾತ್ರ ನೋಡುತ್ತಾರೆ ಎಂಬ ಕಾರಣಕ್ಕೆ ಮಕ್ಕಳು ಉತ್ತರ ಕೂಡಿಡುತ್ತಾರೆ. ಆದರೆ ಅದನ್ನು ದಾಟಿದರೆ ಬರುವ ಪ್ರಾದೇಶಿಕ ಪರೀಕ್ಷೆ ಆರ್‌ಎಂಒನಲ್ಲಿ ಮೂರು ಗಂಟೆಗೆ ಆರೇ ಲೆಕ್ಕ, ಪ್ರತಿ ಸಾಲಿಗೂ ಕಾರಣ ಬರೆಯಬೇಕು. ರಾಷ್ಟ್ರಮಟ್ಟದ ಐಎನ್‌ಎಂಒನಲ್ಲೂ ಆರೇ. 1959ರಲ್ಲಿ ರೊಮೇನಿಯಾದಲ್ಲಿ ಶುರುವಾದ ಅಂತಾರಾಷ್ಟ್ರೀಯ ಒಲಿಂಪಿಯಾಡಿನಲ್ಲಿ, ಭಾರತ ಅಲ್ಲಿಗೆ 1989ರಿಂದ ಹೋಗುತ್ತಿದೆ, ಎರಡು ದಿನ, ದಿನಕ್ಕೆ ನಾಲ್ಕೂವರೆ ಗಂಟೆ, ಮೂರು ಮೂರು ಲೆಕ್ಕ. ಒಂದಕ್ಕೆ ಏಳು ಅಂಕ, ಅರ್ಧ ದಾರಿ ಬಂದವರಿಗೂ ಅಷ್ಟಿಷ್ಟು ಸಿಗುತ್ತದೆ. ಅಂದರೆ ಒಂದು ಲೆಕ್ಕಕ್ಕೆ ಒಂದೂವರೆ ಗಂಟೆ. ಹತ್ತು ನಿಮಿಷಕ್ಕೆ ಉತ್ತರ ನೋಡಿ ರೂಢಿಯಾದವಳು ಒಂದೂವರೆ ಗಂಟೆ ಖಾಲಿ ಕಾಗದದ ಮುಂದೆ ಹೇಗೆ ಕೂರುತ್ತಾಳೆ? ನಿನಗೆ ಐದು ಮಾತ್ರ ಬಂದದ್ದು ಇದೇ ಕಾರಣಕ್ಕೆ ಎಂದು ನನಗನಿಸುತ್ತದೆ, ಬುದ್ಧಿ ಸಾಲದೆ ಅಲ್ಲ. ನಿಮ್ಮದು ಹುಡುಗಿಯರ ಗುಂಪಾದ್ದರಿಂದ ಇದನ್ನೂ ತಿಳಿದುಕೊಂಡಿರಿ: 2012ರಲ್ಲಿ ಕೇಂಬ್ರಿಜ್‌ನಲ್ಲಿ ಶುರುವಾದ ಯುರೋಪಿಯನ್ ಹುಡುಗಿಯರ ಗಣಿತ ಒಲಿಂಪಿಯಾಡ್ ಉಂಟು, ನಾಲ್ಕು ಜನರ ತಂಡ, ನಮ್ಮ ದೇಶದ ತಂಡವೂ ಹೋಗುತ್ತದೆ.

ಹಾಗಾಗಿ ರಾತ್ರಿ ಊಟಕ್ಕೆ ಮುಂಚೆ ನಲವತ್ತೈದು ನಿಮಿಷ ಫೋನು ಅಪ್ಪನ ಕೈಯಲ್ಲಿ ಕೊಟ್ಟು ಒಂದೇ ಲೆಕ್ಕದ ಜೊತೆ ಕೂರು. ಬರದಿದ್ದರೂ ಏಳಬೇಡ. ಸಣ್ಣ ಸಂಖ್ಯೆ ಹಾಕಿ ನೋಡು, ಚಿತ್ರ ಬರೆ, ಬರೆದದ್ದನ್ನು ಅಳಿಸಬೇಡ. ಬೆಳಿಗ್ಗೆ ಬಸ್ಸಿಗೆ ಆ ಕಾಗದ ತೆಗೆದುಕೊಂಡು ಹೋಗು. ಒಬ್ಬಳೇ ಕೂತದ್ದರಿಂದ ಗೆಳತಿಯರಿಗೆ ಕೊಡಲು ಏನಾದರೂ ಇರುತ್ತದೆ, ಗೆಳತಿಯರು ಇರುವುದರಿಂದ ರಾತ್ರಿ ಒಬ್ಬಳೇ ಕೂರಲು ಮನಸ್ಸು ಬರುತ್ತದೆ. ಇದನ್ನು ಅಪ್ಪನಿಗೆ ಓದಿ ಹೇಳು.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ನಡೆಯುತ್ತಿರುವ ಪರೀಕ್ಷೆಯ, ಅಥವಾ ಕೊನೆಯ ದಿನಾಂಕ ಇನ್ನೂ ಬಾಕಿ ಇರುವ ಸ್ಪರ್ಧೆಯ ಲೆಕ್ಕವನ್ನು ಯಾರಿಗೂ ಕಳಿಸಬಾರದು, ಯಾರಾದರೂ ಕಳಿಸಿದರೆ ನೋಡಲೂಬಾರದು. ಅಂತಾರಾಷ್ಟ್ರೀಯ ಒಲಿಂಪಿಯಾಡಿಗೆ ಬಂದು ಆಯ್ಕೆಯಾಗದೆ ಉಳಿದ ಲೆಕ್ಕಗಳನ್ನು ಸಹ ಮುಂದಿನ ವರ್ಷದ ಸ್ಪರ್ಧೆ ಮುಗಿಯುವವರೆಗೆ ಗುಟ್ಟಾಗಿ ಇಡುತ್ತಾರೆ, ಯಾಕೆಂದರೆ ಎಷ್ಟೋ ದೇಶಗಳು ಅವುಗಳಿಂದ ತಮ್ಮ ಮಕ್ಕಳನ್ನು ಪರೀಕ್ಷಿಸುತ್ತವೆ. ಇಡೀ ಜಗತ್ತು ಒಂದು ವರ್ಷ ಸುಮ್ಮನಿರುತ್ತದೆ ಎಂದರೆ ನೀವು ಐವರು ಎರಡು ದಿನ ಸುಮ್ಮನಿರಬಹುದು.

ನಾನೂರರ ಪುಸ್ತಕ ಎಸೆಯಬೇಡ. ಉತ್ತರಗಳ ಮೇಲೆ ಕಾಗದ ಅಂಟಿಸಿ ಮೊದಲಿನಿಂದ ಶುರುಮಾಡು, ವಾರಕ್ಕೆ ಮೂರು ಸಾಕು. ಮತ್ತೆ ಆ ಐದು ಮೊಳೆ. ರಬ್ಬರ್ ಬ್ಯಾಂಡ್ ಮೂರು ಮೂಲೆಯಾದ ಪ್ರಸಂಗ ಬಗೆಹರಿದ ದಿನ ನನಗೆ ಬರೆ. ಯಾರಿಗೆ ಮೊದಲು ಹೊಳೆಯಿತು, ಉಳಿದವರಿಗೆ ಹೇಳದೆ ಅವಳು ಎಷ್ಟು ದಿನ ತಡೆದುಕೊಂಡಳು, ಅದನ್ನೂ ಬರೆ.